ಉದೋನ್‌ಗೆ ಹಾಸಿಗೆ

ಜುಲೈ ೨೦, ೨೦೨೫. ಭಾನುವಾರ. ಗ್ಯೋಟೋಕು

ದಿನಚರಿ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಮಾಡಿದ್ದು ಸಾಲದು ಎಂದು ಅದನ್ನು ಬರೆದೂ ಇಡಬೇಕೆ? ಆದರೆ ವಾರ್ಷಿಕ ತಪಾಸಣೆಯಲ್ಲಿ ನನ್ನ ರಕ್ತದೊತ್ತಡ ನೋಡಿ ಗಾಬರಿಯಾದ ಕಂಪನಿ ಡಾಕ್ಟರು, 'ದಿನಾ ಸಂಜೆ ಮನಸ್ಸಿಗೆ ಬಂದದ್ದನ್ನು ಬರೆಯಿರಿ, ಉಪ್ಪಿನಕಾಯಿ ಬಿಡಿ' ಎಂದರು. ಉಪ್ಪಿನಕಾಯಿ ಬಿಡುವ ಪ್ರಶ್ನೆಯೇ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಇವತ್ತು ಮಗಳು ಅಮೂಲ್ಯ ನ್ಯೂಜಿಲೆಂಡಿಗೆ ಹೊರಟಳು. ಶಾಲೆಯ ಕಡೆಯಿಂದ ಮೂರು ವಾರದ ಹೋಮ್‌ಸ್ಟೇ. ಅವಳಿಗೀಗ ಹದಿನಾರು. ಕೂಸಾಗಿದ್ದಾಗ ಬೆಂಗಳೂರಿನಿಂದ ಜಪಾನಿಗೆ ಎತ್ತಿಕೊಂಡು ಬಂದೆವು. ಈಗ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಜಪಾನಿಯಲ್ಲಿ ಗೊಣಗುತ್ತಾಳೆ. ನನ್ನ ಜೊತೆ ಮಾತ್ರ ಮೂರೂ ಭಾಷೆಗಳಲ್ಲಿ ಮಾತು ಬಿಟ್ಟಿದ್ದಾಳೆ. ಕಾರಣ ಅವಳ ಹಾವು.

ಎರಡು ವರ್ಷದ ಹಿಂದೆ, ಒಳ್ಳೆಯ ಅಂಕ ತಂದರೆ ಕೇಳಿದ್ದು ಕೊಡಿಸುತ್ತೇನೆ ಎಂದಿದ್ದೆ. ಫೋನು ಕೇಳುತ್ತಾಳೆ ಎಂದುಕೊಂಡಿದ್ದವನಿಗೆ ಕಾರ್ನ್ ಸ್ನೇಕ್ ಕೇಳಿ ಕೈಕಾಲು ತಣ್ಣಗೆ ಮಾಡಿದಳು. ಅಮೆರಿಕದ ಹೊಲಗದ್ದೆಗಳ ಹಾವು, ವಿಷವಿಲ್ಲ. ಬಿಳಿ ಮೈ, ಮೇಲೆ ತಿಳಿಗುಲಾಬಿ ಮಚ್ಚೆ. ಇಲ್ಲಿಯ ದಪ್ಪ ಶಾವಿಗೆಯ ಹೆಸರನ್ನೇ ಇಟ್ಟಿದ್ದಾಳೆ, ಉದೋನ್ ಎಂದು. ಅವಳ ಕೋಣೆಯಲ್ಲಿ ಅದಕ್ಕೊಂದು ಗಾಜಿನ ಪೆಟ್ಟಿಗೆ, ಪಕ್ಕದಲ್ಲಿ ಅದು ತಿನ್ನುವ ಹೆಪ್ಪುಗಟ್ಟಿದ ಇಲಿಗಳಿಗೆ ಪುಟ್ಟ ಫ್ರಿಜ್ಜು. ಮೊಟ್ಟೆಗೇ ಬೇರೆ ಪಾತ್ರೆ ಇಟ್ಟ ಮನೆ ನಮ್ಮದು. ಇಲಿಗೆ ಬೇರೆ ಫ್ರಿಜ್ಜು ಇಡದೆ ಆಗುತ್ತದೆಯೇ.

ಜೂನಿನಲ್ಲಿ ಯೋಕೋಹಾಮಾದಲ್ಲಿ ಕನ್ನಡದವರ ಊಟದ ಕೂಟವಿತ್ತು. ಬಿಸಿಬೇಳೆಬಾತ್ ಮುಗಿದ ಮೇಲೆ ಯಾರೋ ನನ್ನ ಕೈಗೆ ಮೈಕ್ ಕೊಟ್ಟರು. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಮಗಳನ್ನು ಪಕ್ಕಕ್ಕೆ ಎಳೆದುಕೊಂಡು, 'ಇವಳು ನಮ್ಮನೆ ನಾಗಕನ್ನಿಕೆ. ಮುಂದೆ ಗಂಡಿನ ಕಡೆಯವರು ಬರೋವಾಗ ಸೀರೆಗೀರೆ ಬೇಡ, ಒಂದು ಹುತ್ತ ತಂದ್ರೆ ಸಾಕು' ಎಂದೆ. ಜನ ಬಿದ್ದು ಬಿದ್ದು ನಕ್ಕರು. ಅಮೂಲ್ಯಳಿಗೆ ಕನ್ನಡ ಆಡುವುದು ಕಷ್ಟ, ಅರ್ಥವಾಗುವುದಕ್ಕೆ ಯಾವ ಕೊರತೆಯೂ ಇಲ್ಲ. ಅವತ್ತಿನಿಂದ ನನಗೆ ಬರುವ ಸುದ್ದಿಯೆಲ್ಲ ಅವಳ ಅಮ್ಮನ ಮೂಲಕ. ಒಂದು ತಮಾಷೆಗೆ ಇಷ್ಟು ದೊಡ್ಡ ಮುನಿಸೇ?

ವಿಮಾನ ನಿಲ್ದಾಣದಲ್ಲೂ ಅದೇ ಏರ್ಪಾಡು. ನಾನು ಪಕ್ಕದಲ್ಲೇ ನಿಂತಿದ್ದೆ.

'ಅಮ್ಮ, ಅಪ್ಪಂಗೆ ಹೇಳು. ಉದೋನ್‌ಗೆ ಪೇಪರ್ ಟವೆಲ್ ಮಾತ್ರ. ಡೋಂಟ್ ಚೇಂಜ್ ಎನಿಥಿಂಗ್. ವೈಟ್ ಪೇಪರ್ ಮೇಲೆ ಆದ್ರೆ ಅವಳಿಗೆ ಸಿಕ್ ಆದ್ರೆ ಬೇಗ ಗೊತ್ತಾಗತ್ತೆ.'

'ಕೇಳಿಸ್ತೇನ್ರೀ?' ಎಂದಳು ಶುಭಾ.

'ಕೇಳಿಸ್ತು ಅಂತ ಹೇಳು.'

ಶುಭಾ ಹಲ್ಲಿ ಕಂಡರೂ ಮಂಚ ಹತ್ತುವವಳು. ಆದ್ದರಿಂದ ಹಾವಿನ ಸೇವೆ ನನ್ನ ಪಾಲಿಗೆ ಬಂದಿದೆ.

ಜುಲೈ ೨೨

ಮಗಳಿಗೆ ಮೆಸೇಜು ಕಳಿಸಿದೆ: 'ಉದೋನ್ ನಾಪತ್ತೆ. ಪಕ್ಕದ ಮನೆಯ ಅಜ್ಜಿಯೂ ಕಾಣುತ್ತಿಲ್ಲ. ತನಿಖೆ ಮುಂದುವರಿದಿದೆ.' ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಶುಭಾಳ ಫೋನ್ ಬಡಿದುಕೊಂಡಿತು. ಮಗಳು ಅಳುತ್ತಿದ್ದಳಂತೆ. ಶುಭಾ ಹೋಗಿ ದೂರದಿಂದಲೇ, ಕಣ್ಣು ಅರ್ಧ ಮುಚ್ಚಿಕೊಂಡು, ಪೆಟ್ಟಿಗೆಯ ಫೋಟೋ ತೆಗೆದು ಕಳಿಸಬೇಕಾಯಿತು.

ಈ ಕಾಲದ ಮಕ್ಕಳಿಗೆ ಹಾಸ್ಯಪ್ರಜ್ಞೆಯೇ ಇಲ್ಲ.

ಜುಲೈ ೨೪

ಹಾವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಅಡುಗೆಮನೆ ಒರೆಸುವ ಕಾಗದದ ಮೇಲೆ ಮಲಗಿದೆ, ಸರ್ಕಾರಿ ಆಸ್ಪತ್ರೆಯ ರೋಗಿಯ ಹಾಗೆ. ಮಣ್ಣಿಲ್ಲ, ಎಲೆಯಿಲ್ಲ, ಮುಖ ಮುಚ್ಚಿಕೊಳ್ಳಲು ಒಂದು ಹಿಡಿ ಕಸವೂ ಇಲ್ಲ. ನಮ್ಮ ಕಡೆ ಹಾವಿಗೆ ಕಲ್ಲಿನಲ್ಲಿ ಕಟ್ಟೆ ಕಟ್ಟುತ್ತೇವೆ, ಇಲ್ಲಿ ಟಿಶ್ಯೂ.

ಒಂದು ಉಪಾಯ ಹೊಳೆದಿದೆ. ಮಗಳು ಬರುವಷ್ಟರಲ್ಲಿ ಇದಕ್ಕೆ ನೈಸರ್ಗಿಕವಾದ ಹಾಸಿಗೆ ಮಾಡಿಡಬೇಕು. ನೋಡಿದವಳೇ ಮಾತಾಡಬೇಕು, 'ಥ್ಯಾಂಕ್ಸ್' ಅಂತಲಾದರೂ.

ಎದೋಗಾವಾ ನದಿಯ ದಂಡೆಗೆ ಹೋಗಿ ಒಂದು ಚೀಲ ಮರಳು ತುಂಬಿಕೊಂಡು ಬಂದೆ. ಶುಭಾ ಬಾಗಿಲಲ್ಲೇ ತಡೆದಳು. 'ನಾಯಿಗಳು ಏನೇನು ಮಾಡಿರ್ತವೋ ಅದರಲ್ಲಿ. ವಾಪಸ್ ಸುರಿದು ಬನ್ನಿ.' ಇಂಟರ್‌ನೆಟ್ಟಿನಲ್ಲೂ ಮರಳು ಬೇಡ ಎಂದಿದೆ: ಇಲಿಯ ಜೊತೆ ಹೊಟ್ಟೆಗೆ ಹೋಗಿ ಕಟ್ಟಿಕೊಳ್ಳುತ್ತದಂತೆ. ಪಾರ್ಕಿನ ಮಣ್ಣಿನಲ್ಲಿ ಉಣ್ಣಿ, ಕೀಟನಾಶಕ. ಜಲ್ಲಿಕಲ್ಲು ಒರಟು. ಅದೇ ಪುಟದಲ್ಲಿ ಇನ್ನೂ ಉದ್ದಕ್ಕೆ ಏನೇನೋ ಇತ್ತು. ಅಷ್ಟರಲ್ಲಿ ಚಂದ್ರಕಾಂತನ ಫೋನ್ ಬಂತು.

ಚಂದ್ರಕಾಂತ ಮೈಸೂರಿನವನು. ಕೋಟೋ ವಾರ್ಡಿನ ಎತ್ತರದ ಫ್ಲ್ಯಾಟಿನಲ್ಲಿ ಇದ್ದುಕೊಂಡು ನಮ್ಮಂಥವರಿಗೆಲ್ಲ ಮೇಲಿನಿಂದಲೇ ಸಲಹೆ ಕೊಡುತ್ತಾನೆ. 'ಲೋ ಉಮಾಶಂಕರ, ಇಷ್ಟಕ್ಕೆಲ್ಲ ಯಾಕೆ ಗೂಗಲ್ ಮಾಡ್ತೀಯ? ಸರ್ಪ ಎಲ್ಲಿರತ್ತೆ? ಗಂಧದ ಮರ ಸುತ್ಕೊಂಡಿರತ್ತೆ. ಕೇದಗೆ ಹಿತ್ತಲಲ್ಲಿರತ್ತೆ. ಅದಕ್ಕೆ ಪರಿಮಳ ಬೇಕು ಕಣೋ.'

ಪುಣ್ಯಾತ್ಮ. ನಮ್ಮಜ್ಜಿ ಹೇಳುತ್ತಿದ್ದದ್ದೂ ಇದನ್ನೇ ಅಲ್ಲವೇ. ಕಂಪ್ಯೂಟರ್ ಮುಚ್ಚಿದೆ.

ಜುಲೈ ೨೬, ಶನಿವಾರ

ಗಂಧದ ಮರ ಜಪಾನಿನಲ್ಲಿ ಎಲ್ಲಿಂದ ತರಲಿ. ಆದರೆ ಇವರಿಗೆ ಹಿನೋಕಿ ಮರ ಇದೆ. ಗುಡಿ ಕಟ್ಟುವುದಕ್ಕೂ ಹಿನೋಕಿ, ಸ್ನಾನದ ತೊಟ್ಟಿಗೂ ಹಿನೋಕಿ; ಅದರ ಘಮಕ್ಕೆ ಅರ್ಧ ದೇಶವೇ ಕಣ್ಣು ಮುಚ್ಚಿ ನಿಟ್ಟುಸಿರು ಬಿಡುತ್ತದೆ. ಹೋಮ್ ಸೆಂಟರ್ ಅಂಗಡಿಯಲ್ಲಿ ಅದರ ಹೊಟ್ಟಿನ ದೊಡ್ಡ ಚೀಲ ಸಿಕ್ಕಿತು. ಮೇಲೆ ನನಗೆ ಓದಲು ಬಂದ ಪದ ಒಂದೇ, 'ತೆನ್ನೆನ್', ಅಂದರೆ ನೈಸರ್ಗಿಕ. ಪಕ್ಕದಲ್ಲಿ ಹ್ಯಾಮ್‌ಸ್ಟರ್ ಒಂದು ಹಲ್ಲು ಕಿರಿದಿತ್ತು. ಇನ್ನೇನು ಬೇಕು?

ಕಾಗದ ಕಿತ್ತೆಸೆದು ಬೆರಳುದ್ದ ದಪ್ಪಕ್ಕೆ ಹೊಟ್ಟು ಹಾಸಿದೆ. ಮೇಲೆ ಅತ್ತೆ ಕಳಿಸಿದ್ದ ಮೈಸೂರಿನ ಗಂಧದ ಪುಡಿ ಎರಡು ಚಿಟಿಕೆ ಉದುರಿಸಿದೆ. ಕೋಣೆಯೆಲ್ಲ ಮದುವೆಮನೆ. ಹಾವು ಒಂದು ಮೂಲೆಗೆ ಹೋಗಿ ಗಾಜಿಗೆ ಮುಖ ಒತ್ತಿಕೊಂಡಿತು. ಹೊಸ ಮನೆಯಲ್ಲಿ ಎಲ್ಲರಿಗೂ ಸ್ವಲ್ಪ ಸಂಕೋಚ ಇದ್ದದ್ದೇ.

ಜುಲೈ ೨೯, ನಾಗರಪಂಚಮಿ

ನನ್ನ ಪೆಟ್ಟಿಗೆಯ ಕೀರ್ತಿ ಚಂದ್ರಕಾಂತನ ಬಾಯಿಂದ ಊರೆಲ್ಲ ಹಬ್ಬಿತ್ತು. ಸಂಜೆ ಅವನೂ ಅವನ ಹೆಂಡತಿ ಅಪರ್ಣಾಳೂ ಇನ್ನೂ ಮೂರು ಮನೆಯವರೂ ಬಂದರು. ಪ್ರತಿವರ್ಷ ಬೆಳ್ಳಿಯ ನಾಗನಿಗೆ ತನಿ ಎರೆಯುವವರಿಗೆ ಈ ಸಲ ಜೀವಂತ ನಾಗಪ್ಪ.

ಅಪರ್ಣಾ ಬೆಳ್ಳಿ ಬಟ್ಟಲಲ್ಲಿ ಹಾಲು ಹಿಡಿದಿದ್ದಳು. 'ಒಂದೇ ಒಂದು ಸ್ಪೂನ್, ಪ್ಲೀಸ್.'

'ಹಾವು ಹಾಲು ಕುಡಿಯಲ್ಲಮ್ಮ. ಒಂದು ಇಲಿ ಕೊಡ್ಲಾ, ಫ್ರಿಜ್ಜಲ್ಲಿದೆ?' ಎಂದೆ. ಅವಳು ಬಟ್ಟಲು ಹಿಂದೆಳೆದುಕೊಂಡಳು. ಎಲ್ಲರೂ ನಕ್ಕರು. ಗಾಜಿಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಹಚ್ಚಿ, ಫೋಟೋ ತೆಗೆದುಕೊಂಡು ಕನ್ನಡದವರ ಗ್ರೂಪಿಗೆ ಹಾಕಿದರು. ಹಿನೋಕಿಯ ವಿಚಾರ ನಾನು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಹಾವು ತಲೆ ಎತ್ತಿ ಬಾಯಿ ಸ್ವಲ್ಪ ತೆರೆದಾಗ 'ಆಶೀರ್ವಾದ ಮಾಡ್ತಿದೆ ನೋಡಿ' ಎಂದೆ. ಅದಕ್ಕೂ ನಕ್ಕರು.

ಬಹಳ ದಿನದ ಮೇಲೆ ಮನೆ ತುಂಬಿತ್ತು.

ಜುಲೈ ೩೧

ಇಲಿ ಮುಟ್ಟಿಲ್ಲ. ಹಬ್ಬದ ಉಪವಾಸ ಮುಂದುವರಿಸಿದೆಯೋ ಏನೋ.

ಆಗಸ್ಟ್ ೨, ಶನಿವಾರ

ಬೆಳಿಗ್ಗೆ ಗಾಜಿನ ಹತ್ತಿರ ಹೋದರೆ ಸಣ್ಣಗೆ ಚಿಟಿಚಿಟಿ ಸದ್ದು. ದೀಪದ ವೈರು ಸುಡುತ್ತಿದೆ ಎಂದುಕೊಂಡೆ. ಸದ್ದು ಹಾವಿನದು. ತಲೆ ಮೇಲಕ್ಕೆತ್ತಿ ಬಾಯಿ ತೆರೆದು ಉಸಿರಾಡುತ್ತಿದೆ, ಮೂಗಿನ ಬಳಿ ನೊರೆಯ ಗುಳ್ಳೆ. ಅವತ್ತು ಆಶೀರ್ವಾದ ಮಾಡಿದ್ದೂ ಹೀಗೇ.

ದಿಂಬಿನ ಚೀಲದಲ್ಲಿ ಹಾಕಿ, ಅದನ್ನು ಐಸಿಲ್ಲದ ಐಸ್‌ಬಾಕ್ಸಿನಲ್ಲಿಟ್ಟುಕೊಂಡು, ಹಾವು ಆಮೆಗಳನ್ನು ನೋಡುವ ಕ್ಲಿನಿಕ್ಕಿಗೆ ರೈಲಿನಲ್ಲಿ ಹೋದೆ. ಪಕ್ಕದ ಹೆಂಗಸು 'ಮೀನು ಹಿಡಿಯೋಕೆ ಹೊರಟಿರಾ?' ಎಂದು ಕೇಳಿದಳು. ಹೌದು ಎಂದೆ.

ಡಾಕ್ಟರು ಹೊರಿಗುಚಿ ಎನ್ನುವ ಹೆಂಗಸು. ಚೀಲ ಬಿಚ್ಚಿ ಮೂಸಿ ನೋಡಿ, 'ಒಳ್ಳೆಯ ಪರಿಮಳ, ಹಿನೋಕಿ ಅಲ್ಲವೇ' ಎಂದರು. ನಾನು ಹಿಗ್ಗಿದೆ. ಇಲ್ಲಿಯವರು ಹೊಗಳಿದ ಮೇಲೆ ಏನು ಬರುತ್ತದೆ ಎನ್ನುವುದು ಇಷ್ಟು ವರ್ಷಗಳಾದರೂ ನನಗೆ ತಿಳಿದಿಲ್ಲ. ಹುಳ ಹತ್ತಬಾರದೆಂದು ಆ ಮರ ತನ್ನೊಳಗೆ ಇಟ್ಟುಕೊಂಡಿರುವ ಎಣ್ಣೆಯೇ ಆ ಘಮವಂತೆ. ನಾವು ತೊಟ್ಟಿಯಲ್ಲಿ ಅರ್ಧ ಗಂಟೆ ಕೂತು ಎದ್ದು ಬರುತ್ತೇವೆ. ಇವಳು ಹಗಲೂ ರಾತ್ರಿ ಅದರಲ್ಲೇ ಮುಖವಿಟ್ಟುಕೊಂಡು ಮುಚ್ಚಿದ ಪೆಟ್ಟಿಗೆಯಲ್ಲಿದ್ದಳು. ಮೇಲೆ ಗಂಧದ ಪುಡಿಯ ಧೂಳು, ಊದುಬತ್ತಿಯ ಹೊಗೆ. ಶ್ವಾಸನಾಳ ಕೆರಳಿ ಸೋಂಕು ತಗುಲಿದೆ. ಗಂಧದ ಮರದ ಕಥೆ ಹೇಳಿದೆ. ಡಾಕ್ಟರು ಗೌರವದಿಂದ ಕೇಳಿ, ಮರ ಬೇರೆ, ಮರದ ಪುಡಿ ಬೇರೆ ಎಂದರು.

ಹಾವಿಗೆ ಕೆಲಸಕ್ಕೆ ಬರುವ ಶ್ವಾಸಕೋಶ ಒಂದೇ ಅಂತೆ, ಇನ್ನೊಂದು ಹೆಸರಿಗಷ್ಟೇ. ನಮ್ಮ ಪ್ರಾಜೆಕ್ಟಿನಲ್ಲೂ ಅಂಥವರಿದ್ದಾರೆ ಎನ್ನಲು ಬಾಯಿ ತೆರೆದೆ. ಜಪಾನಿಯಲ್ಲಿ ಪದ ಸಿಗಲಿಲ್ಲ. 'ಬದುಕುತ್ತಾಳಾ?' ಎಂದು ಕೇಳಿದೆ. 'ಒಂದು ವಾರ ನೋಡೋಣ' ಎಂದರು.

ಸದ್ಯಕ್ಕೆ ಹಾಸಿಗೆ ಬಿಳಿ ಕಾಗದ. ಮೂಗಿನಿಂದ ಏನು ಸುರಿದರೂ ಕಾಣಬೇಕಲ್ಲ, ಅದಕ್ಕೆ.

ಆಗಸ್ಟ್ ೩

ಶುಭಾ ಖಡಾಖಂಡಿತವಾಗಿ ಹೇಳಿದಳು: 'ಈ ಸುದ್ದಿ ನಾನು ಹೇಳಲ್ಲ. ನೀವೇ ಹೇಳಿ.'

ವಿಡಿಯೋ ಕಾಲ್ ಮಾಡಿದೆ. ಅಮೂಲ್ಯ ಯಾರದೋ ಅಡುಗೆಮನೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದಳು.

'ಅಪ್ಪ? ವೇರ್ ಈಸ್ ಅಮ್ಮ?'

'ಪುಟ್ಟ, ಉದೋನ್‌ಗೆ ಹುಷಾರಿಲ್ಲ.'

'ಸ್ಟಾಪ್ ಇಟ್. ನಾಟ್ ಅಗೇನ್.'

'ತಮಾಷೆ ಅಲ್ಲಮ್ಮ.' ಕ್ಯಾಮೆರಾ ಪೆಟ್ಟಿಗೆಯ ಕಡೆ ತಿರುಗಿಸಿದೆ. ಅವಳು ನೋಡಿದಳು. ಗುಳ್ಳೆ ನೋಡಿದಳು. ಆಮೇಲೆ ಪರದೆಯ ಮೇಲೆ ಬೆರಳಾಡಿಸಿ ಏನೋ ಹುಡುಕಿದಳು.

'ಏನ್ ಹಾಕಿದೆ ಒಳಗೆ?'

'ಹಿನೋಕಿ.'

'ನಾನು ಹೇಳಿದ್ದೆ. ಪೇಪರ್ ಓನ್ಲಿ.'

'ಹೇಳಿದ್ದೆ.'

'ದೆನ್ ವೈ?'

'ನಿಂಗೆ ಖುಷಿ ಆಗ್ಲಿ ಅಂತ.'

'ನೋ. ಯು ವಾಂಟೆಡ್ ಪೀಪಲ್ ಟು ಸೀ. ನಾನು ಈಗ ಗ್ರೂಪಲ್ಲಿ ಫೋಟೋಸ್ ನೋಡ್ದೆ, ಅಪ್ಪ. ಎವ್ರಿಬಡಿ ವಾಸ್ ಲಾಫಿಂಗ್.'

ನಾನು ಕ್ಯಾಮೆರಾ ಪೆಟ್ಟಿಗೆಯ ಕಡೆಯೇ ಹಿಡಿದುಕೊಂಡಿದ್ದೆ. ಕೊನೆಗೆ ಅವಳೇ ಮೂಗು ಒರೆಸಿಕೊಂಡು ಅಪ್ಪಣೆ ಕೊಡಿಸಿದಳು: ದಿನಾ ಬೆಳಿಗ್ಗೆ ಒಂದು ವಿಡಿಯೋ. ಉದೋನ್ ಮಾತ್ರ, ನನ್ನ ಮುಖ ಬೇಡ.

ಆಗಸ್ಟ್ ೫

ಸೂಜಿಯಿಲ್ಲದ ಸಿರಿಂಜಿನಿಂದ ದಿನಕ್ಕೆ ಎರಡು ಹನಿ ಔಷಧಿ. ಹೇಳುವುದು ಸುಲಭ. ನಿನ್ನೆ ಒಂದು ಹನಿ ನನ್ನ ಕನ್ನಡಕಕ್ಕೆ, ಇನ್ನೊಂದು ಗೋಡೆಗೆ. ಮೇಲಾಗಿ ಉದೋನ್ ಹೆದರಿ ಕೈಮೇಲೆ ಏನೋ ಬಿಟ್ಟಳು, ಆ ನಾತಕ್ಕೆ ಹಿನೋಕಿಯೇ ವಾಸಿ. ಇವತ್ತು ಗೊತ್ತಾಯಿತು: ಬಲವಂತ ಮಾಡಬಾರದು. ಮೊದಲು ಅಂಗಿಯ ತೋಳಿನೊಳಗೆ ಹೋಗಲು ಬಿಡಬೇಕು. ಮಣಿಕಟ್ಟಿಗೆ ಎರಡು ಸುತ್ತು ಹಾಕಿಕೊಂಡು, ಅಲ್ಲಿ ಬೆಚ್ಚಗಾದ ಮೇಲೆ ತಾನೇ ತಲೆ ಹೊರಗೆ ಹಾಕುತ್ತಾಳೆ. ಆಗ ಹನಿ.

ನಕನಿಶಿ-ಸಾನ್‌ಗೆ, ಅಂದರೆ ನನ್ನ ಬಾಸಿಗೆ, ಈ ವಾರ ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದೆ. ಕಾರಣ ಕೇಳಿದರು. ಹಾವಿಗೆ ನ್ಯುಮೋನಿಯಾ ಎಂದೆ. 'ಅದು ಕಷ್ಟ' ಎಂದು ತಲೆಬಾಗಿಸಿದರು. ಹೊಟ್ಟೆನೋವು ಎಂದು ಸುಳ್ಳು ಹೇಳಿದ್ದರೆ ಇಷ್ಟು ಮರ್ಯಾದೆ ಸಿಗುತ್ತಿರಲಿಲ್ಲ.

ಆಗಸ್ಟ್ ೬

ಉಸಿರಿನ ಸದ್ದು ಜೋರಾಗಿದೆ. ವಿಡಿಯೋ ಕಳಿಸಿದೆ.

ಮೀಟಿಂಗ್ ಪೂರ್ತಿ ಉದೋನ್ ನನ್ನ ಅಂಗಿಯ ತೋಳೊಳಗೇ ಇದ್ದಳು. ಭಯವಾಗುತ್ತಿದೆ.

ಆಗಸ್ಟ್ ೭

ಚಂದ್ರಕಾಂತ ಫೋನ್ ಮಾಡಿದ. ಶುಭಾ ಅಪರ್ಣಾಳಿಗೆ ಹೇಳಿದ್ದಾಳೆ ಎಂದು ಕಾಣುತ್ತದೆ. 'ಹಾವೇನಾದ್ರೂ ಹೋಗ್ಬಿಟ್ರೆ ಸರ್ಪದೋಷ ಕಣೋ. ಕುಕ್ಕೆಯಲ್ಲಿ ಒಂದು ಸಂಸ್ಕಾರ ಬುಕ್ ಮಾಡಿಸ್ಲಾ? ಆನ್‌ಲೈನ್ ಇದೆ. ನಿನ್ ಹಾವು ಅಮೆರಿಕಾದ್ದು, ಡಾಲರ್‌ನಲ್ಲಿ ದಕ್ಷಿಣೆ ಕೇಳ್ತಾರೇನೋ.' ಹೇಳಿ ತಾನೇ ನಕ್ಕ.

ನಾನಾಗಿದ್ದರೂ ಇದನ್ನೇ ಹೇಳುತ್ತಿದ್ದೆ. ಆದರೆ ಅವನ ಮೇಲೆ ರೇಗಿಬಿಟ್ಟೆ. 'ಫೋನ್ ಇಡೋ, ಅವಳು ಈಗ ತಾನೇ ಮಲಗಿದ್ದಾಳೆ' ಎಂದೆ. ಬಿಪಿ ಜಾಸ್ತಿಯಾಗಿರಬೇಕು.

ಆಗಸ್ಟ್ ೮

ಗುಳ್ಳೆ ಕಡಿಮೆಯಾಗಿದೆ. ಹೊರಿಗುಚಿ ಡಾಕ್ಟರು ಕೊಳವೆ ಇಟ್ಟು ಕೇಳಿ, ಎದೆ ತಿಳಿಯಾಗುತ್ತಿದೆ ಎಂದರು. ಪೂರ್ತಿ ವಾಸಿಯಾದ ಮೇಲೆ ನೈಸರ್ಗಿಕ ಹಾಸಿಗೆಯೇ ಬೇಕೆಂದರೆ, ಘಮವಿಲ್ಲದ ಆಸ್ಪೆನ್ ಮರದ ಹೊಟ್ಟು ಹಾಕಬಹುದು. ಇಲ್ಲವೇ ಧೂಳು ತೆಗೆದ ತೆಂಗಿನ ಸಿಪ್ಪೆಯ ಚೂರು.

ತೆಂಗಿನ ಸಿಪ್ಪೆ. ನಮ್ಮಜ್ಜಿ ಬಚ್ಚಲ ಒಲೆಗೆ ಹಾಕುತ್ತಿದ್ದದ್ದು, ಪಾತ್ರೆ ಉಜ್ಜುತ್ತಿದ್ದದ್ದು. ಅಂಗಡಿಯಲ್ಲಿ ಅದನ್ನೇ ಚೆಂದದ ಚೀಲಕ್ಕೆ ತುಂಬಿ, ಚಿನ್ನದ ಅಕ್ಷರ ಒತ್ತಿ ಇಟ್ಟಿದ್ದಾರೆ. ಕೊಂಡು ತಂದೆ. ಬಿಚ್ಚಲಿಲ್ಲ. ಅಮೂಲ್ಯಳ ಮೇಜಿನ ಮೇಲಿಟ್ಟಿದ್ದೇನೆ. ಬೇಕೋ ಬೇಡವೋ ಅವಳು ಹೇಳಲಿ.

ಆಗಸ್ಟ್ ೧೦, ಭಾನುವಾರ

ಬಂದಳು. ವಿಮಾನ ನಿಲ್ದಾಣದಿಂದ ಮನೆಯವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ಮನೆಗೆ ಬಂದವಳೇ ಕೈ ತೊಳೆದು ಕೋಣೆಗೆ ಹೋಗಿ ಪೆಟ್ಟಿಗೆಯ ಮುಂದೆ ಕೂತಳು. ನಾನು ಬಾಗಿಲಲ್ಲಿ ನಿಂತು, ಔಷಧಿ ಎಷ್ಟು, ಯಾವಾಗ ಎಂದು ಹೇಳತೊಡಗಿದೆ.

'ಅಮ್ಮ, ಅಪ್ಪಂಗೆ ಹೇಳು. ಇನ್ಮೇಲೆ ನಾನೇ ಮಾಡ್ತೀನಿ.'

ಶುಭಾ ನನ್ನ ಮುಖ ನೋಡಿದಳು. ನಾನು ಬಾಗಿಲು ಎಳೆದುಕೊಂಡು ಬಂದೆ. ಆಯಿತು, ಅವಳ ಹಾವು.

ಆಗಸ್ಟ್ ೧೧

ಇಲ್ಲಿ ಬೆಟ್ಟದ ದಿನವೆಂದು ರಜಾ. ಬೆಟ್ಟಕ್ಕೆ ಹೋಗುವವರು ಹೋದರು. ನಾನು ನಡುಮನೆಯಲ್ಲಿ ಕೂತು ಅವಳ ಕೋಣೆಯ ಬಾಗಿಲು ಕಾದೆ. ಒಳಗಿನಿಂದ 'ಪ್ಲೀಸ್, ಉದೋನ್, ಪ್ಲೀಸ್' ಎನ್ನುವುದು ಕೇಳುತ್ತಿತ್ತು. ಆಮೇಲೆ ಆ ನಾತ ಬಂತು. ಎದ್ದು ಹೋಗಲು ಹೊರಟವನನ್ನು ಶುಭಾ ಅಂಗಿ ಹಿಡಿದು ಕೂರಿಸಿದಳು.

ಔಷಧಿ ತಪ್ಪಿದರೆ ಮತ್ತೆ ತಿರುಗಿಕೊಳ್ಳುತ್ತದೆ ಎಂದಿದ್ದಾರೆ ಡಾಕ್ಟರು. ಊಟ ಸೇರಲಿಲ್ಲ.

ಆಗಸ್ಟ್ ೧೨

ಬೆಳಿಗ್ಗೆ ಆಫೀಸಿಗೆ ಹೊರಟು ಶೂ ಹಾಕಿಕೊಳ್ಳುತ್ತಿದ್ದೆ. ಅಮೂಲ್ಯ ಸಿರಿಂಜು ಹಿಡಿದು ಬಂದು ನಿಂತಳು. ಅಂಗಿಯೆಲ್ಲ ಔಷಧಿಯ ಕಲೆ.

'ಅಪ್ಪ. ಅವಳು ನನ್ನ ಹತ್ರ ಬಾಯಿ ತೆಗೀತಿಲ್ಲ.'

ಶೂ ಬಿಚ್ಚಿ ಒಳಗೆ ಹೋದೆ. ಅಂಗಿಯ ಗುಂಡಿ ಬಿಚ್ಚಿ ತೋಳು ಸಡಿಲ ಮಾಡಿದೆ. ಉದೋನ್ ಒಳಗೆ ಹೋದಳು, ಮಣಿಕಟ್ಟಿಗೆ ಸುತ್ತಿಕೊಂಡಳು. ಅಮೂಲ್ಯ ಪಕ್ಕದಲ್ಲಿ ಮಂಡಿಯೂರಿ ಸಿರಿಂಜು ಹಿಡಿದು ಕಾದಳು.

'ವಿಡಿಯೋದಲ್ಲಿ ಅವಳಿಗೆ ಏನೋ ಹೇಳ್ತಿದ್ದೆ. ಸೌಂಡ್ ಸರಿಯಾಗಿ ಕೇಳಿಸ್ತಿರ್ಲಿಲ್ಲ.'

'ಏನಿಲ್ಲ. ತಪ್ಪಾಯ್ತು ಪುಟ್ಟ, ಅಂತ.'

'ಎವ್ರಿ ಡೇ?'

'ಹೂಂ.'

ಅವಳು ಹಾವಿನ ಕಡೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

'ನಿಂಗೂ ಹೇಳ್ಬೇಕಿತ್ತು ಅಮ್ಮೂ. ಅವತ್ತು ಅಷ್ಟು ಜನರ ಮುಂದೆ ನಿನ್ನ ಹಾಗಂದಿದ್ದು ತಪ್ಪಾಯ್ತು. ನೀನು ನಗ್ತಿಲ್ಲ ಅಂತ ನಂಗೆ ಆಗ್ಲೇ ಕಾಣ್ತಿತ್ತು.'

ಅವಳು ಕಣ್ಣು ಕೆಳಗೆ ಮಾಡಿ, ತೋಳಿನ ಅಂಚಿನಲ್ಲಿ ಹೊರಗೆ ಬರುತ್ತಿದ್ದ ಬಿಳಿಯ ಮೂತಿಗೆ ಸಿರಿಂಜು ತಂದಳು. ನನ್ನ ಕೈ ಅದುರುತ್ತಿತ್ತು. ಅವಳು ಇನ್ನೊಂದು ಕೈಯಿಂದ ನನ್ನ ಮೊಣಕೈ ಹಿಡಿದುಕೊಂಡಳು.

'ಅಲ್ಲಾಡ್ಬೇಡ, ಅಪ್ಪ,' ಎಂದಳು.

ಎರಡು ಹನಿಯೂ ಒಳಗೆ ಹೋಯಿತು. ಆಫೀಸಿಗೆ ತಡವಾಯಿತು.